ರನ್ ಶೀಟಿನಲ್ಲಿ ಸೋದರಮಾವನ ಹೆಸರಿರಲಿಲ್ಲ

ನಮ್ಮದು ಮದುವೆ ಆಯೋಜಿಸುವ ಕಂಪನಿ, ಆಷಾಢದಲ್ಲಿ ನಮಗೆ ಮದುವೆಗಳಿರುವುದಿಲ್ಲ. ಆ ತಿಂಗಳು ಕಚೇರಿಯಲ್ಲಿ ಕುಳಿತು ಸೀಸನ್ನಿನ ರಿವ್ಯೂ ಮಾಡುತ್ತೇವೆ. ಅಂದರೆ, ಯಾರಿಂದ ಏನು ಕೆಟ್ಟಿತು ಎಂಬುದನ್ನು ನಯವಾದ ಮಾತುಗಳಲ್ಲಿ ಒಬ್ಬರ ಮೇಲೊಬ್ಬರು ಜಾರಿಸುತ್ತೇವೆ. ಈ ಸಲ ನನ್ನ ಪಾಲಿಗೆ ಬಂದದ್ದು ಫೆಬ್ರುವರಿ ಕೊನೆಯ ಭಾನುವಾರ ಮೈಸೂರಿನ ಹೊರವಲಯದಲ್ಲಿ ನಡೆದ ಮದುವೆ. ಸ್ಲೈಡಿನಲ್ಲಿ ಅದಕ್ಕೆ ಒಂದೇ ಸಾಲು: ‘ವಧುವಿನ ಎಂಟ್ರಿ 47 ನಿಮಿಷ ತಡ. ಕಾರಣ: ಕುಟುಂಬದ ಕಡೆಯಿಂದ.’ ಆ ಸಾಲು ಸುಳ್ಳು. ಕಾರಣ ನಾನು.

ಹುಡುಗ ಹುಡುಗಿ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವರು, ಮನೆಗಳು ಮಾತ್ರ ಮೈಸೂರು, ಮಂಡ್ಯದ ಕಡೆಯವು. ಈಗಿನ ಎಲ್ಲವೂ ಅವರಿಗೆ ಬೇಕಿತ್ತು. ಅರಿಶಿನ ಶಾಸ್ತ್ರಕ್ಕೆ ಹಲ್ದಿ ಎಂದು ಹೆಸರಿಟ್ಟು ಹಳದಿ ಸ್ಕೂಟರ್ ಒಂದನ್ನು ತಂದು ನಿಲ್ಲಿಸಿದ್ದೆವು. ತಿಳಿಗುಲಾಬಿ ಬಣ್ಣದ ಬ್ಯಾಕ್‌ಡ್ರಾಪ್, ಎಲ್‌ಇಡಿ ವಾಲ್, ಅಮೆರಿಕದ ನೆಂಟರಿಗೆ ಲೈವ್, ಫೋಟೊದವರಲ್ಲದೆ ರೀಲ್ ಮಾಡಲೆಂದೇ ಬೇರೊಬ್ಬ ಹುಡುಗ. ಧಾರೆಯ ಬೆಳಿಗ್ಗೆ ಹೂವಿನ ಚಾದರದ ಎಂಟ್ರಿ: ನಾಲ್ಕು ಕೋಲು, ನಾಲ್ವರು ಕಸಿನ್‌ಗಳು, ಚಾದರದ ಕೆಳಗೆ ಹುಡುಗಿ ಒಬ್ಬಳೇ, ನಡುದಾರಿಗೆ ಬಂದಾಗ ಎರಡೂ ಬದಿಯಲ್ಲಿ ಕೋಲ್ಡ್ ಪೈರೋ, ಅಂದರೆ ನಳಿಕೆಯಿಂದ ಚಿಮ್ಮುವ ಕಿಡಿಗಳ ಕಾರಂಜಿ. ಯಾವ ಹೊತ್ತಿಗೆ ಯಾರು ಏನು ಮಾಡಬೇಕು ಎಂಬ ಪಟ್ಟಿಯೇ ರನ್ ಶೀಟು. ಅದಕ್ಕೆ ಉತ್ತರದ ಡೆಸ್ಟಿನೇಶನ್ ಮದುವೆಗಳಿಗಾಗಿ ಮಾಡಿಟ್ಟಿದ್ದ ಟೆಂಪ್ಲೇಟನ್ನೇ ನಾನು ತೆರೆದು, ‘ಫೇರಾ’ ಇದ್ದಲ್ಲಿ ‘ಧಾರೆ’ ಎಂದು ತಿದ್ದಿದ್ದೆ. ರಾತ್ರಿ 11ರ ವಿಡಿಯೊ ಕರೆಯಲ್ಲಿ ಹುಡುಗಿ ನೋಡಿ ಒಪ್ಪಿದಳು. ಸೈನ್‌ಆಫ್ ಆಯಿತು. ಅವಳ ತಾಯಿ ಆ ಕರೆಯಲ್ಲಿ ಇರಲಿಲ್ಲ. ಇರಬೇಕು ಎಂದು ನನಗೆ ತೋಚಲೂ ಇಲ್ಲ.

ಹಿಂದಿನ ರಾತ್ರಿ ಆರತಕ್ಷತೆ. ಹತ್ತು ಗಂಟೆಯ ಮೇಲೆ ಧ್ವನಿವರ್ಧಕ ಕೂಡದು ಎಂಬ ನಿಯಮ 2000ನೇ ಇಸವಿಯಿಂದ ಇದ್ದರೂ ಹುಡುಗನ ಗೆಳೆಯರಿಗೆ ಅದು ಆ ರಾತ್ರಿಯೇ ತಿಳಿದದ್ದು. ಡಿಜೆಯ ಸೌಂಡ್ ಇಳಿಸಲು ನಾನು, ಜನರೇಟರ್ ಲೆಕ್ಕ ಹಿಡಿದು ಹಾಲ್‌ನ ಮ್ಯಾನೇಜರ್, ಇನ್ನೊಂದೇ ಹಾಡು ಎನ್ನುತ್ತ ಇಪ್ಪತ್ತು ಹುಡುಗರು. ಆ ಜಗಳದ ನಡುವೆಯೇ ಒಬ್ಬ ಹಿರಿಯರು ಬಂದು ನನ್ನ ಪಕ್ಕದಲ್ಲಿ ನಿಂತರು. ಬಿಳಿ ಪಂಚೆ, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ರೆಗ್ಸಿನ್ ಬ್ಯಾಗು.

‘ನಾಳೆ ನಾನು ಎಷ್ಟು ಹೊತ್ತಿಗೆ ಹುಡುಗಿಯ ಕೋಣೆಯ ಹತ್ತಿರ ಬರಬೇಕಮ್ಮ?’ ಎಂದು ಕೇಳಿದರು.

ಟ್ಯಾಬ್‌ನಲ್ಲಿ ನೋಡಿದೆ. ಅವರ ಹೆಸರು ಎಲ್ಲಿಯೂ ಇರಲಿಲ್ಲ. ‘ನೀವು ಬರುವ ಅಗತ್ಯವಿಲ್ಲ ಸರ್, ಮುಂದಿನ ಸಾಲಿನಲ್ಲಿ ನಿಮಗೆ ಸೋಫಾ ಇಟ್ಟಿದ್ದೇವೆ, ಆರಾಮಾಗಿ ಕುಳಿತು ನೋಡಿ’ ಎಂದೆ. ನಗುತ್ತಲೇ ಹೇಳಿದೆ. ವಯಸ್ಸಾದವರಿಗೆ ಉಪಕಾರ ಮಾಡಿದೆ ಎಂದೇ ಭಾವಿಸಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ‘ಸರಿ’ ಎಂದು ಹೊರಟರು. ಅಷ್ಟು ಚಿಕ್ಕ ‘ಸರಿ’ ಕೇಳಿದಾಗಲೇ ನನಗೆ ಗೊತ್ತಾಗಬೇಕಿತ್ತು. ಆರು ವರ್ಷ ಇದೇ ಕೆಲಸ ಮಾಡಿದ್ದೇನೆ. ಅದಕ್ಕೂ ಮೊದಲು, ನನ್ನದೇ ಮದುವೆಯಲ್ಲಿ ನನ್ನನ್ನು ಕೈ ಹಿಡಿದು ಮಂಟಪಕ್ಕೆ ಕರೆತಂದವರು ನನ್ನ ಸೋದರಮಾವ.

ಲಗ್ನಪತ್ರಿಕೆಯ ಪ್ರಕಾರ ಮುಹೂರ್ತ ಬೆಳಿಗ್ಗೆ 10.20ರಿಂದ 11.05ರವರೆಗೆ ಸಲ್ಲುವ ಮೇಷ ಲಗ್ನ. ನನ್ನ ಶೀಟಿನಲ್ಲಿ ಎಂಟ್ರಿ 10.05ಕ್ಕೆ. ಫೋಟೊದವರು ಮೊಗ್ಗಿನ ಜಡೆಯ ಕ್ಲೋಸಪ್ ಎಂದು 10.22ರವರೆಗೆ ಎಳೆದರು. ಅದು ಎಂದಿನದೇ, ಬಫರ್ ಇತ್ತು. 10.30ಕ್ಕೆ ಓಲಗದವರು ಸಿದ್ಧ, ಚಾದರ ಸಿದ್ಧ, ಮಂಟಪದಲ್ಲಿ ಅಂತರಪಟ ಹಿಡಿದಾಗಿತ್ತು, ಅದರ ಆಚೆ ಹುಡುಗ ಅಂಗೈಯಲ್ಲಿ ಜೀರಿಗೆ ಬೆಲ್ಲ ಇಟ್ಟುಕೊಂಡು ನಿಂತಿದ್ದ. ವಾಕಿಯಲ್ಲಿ ‘ಎಂಟ್ರಿ ಸ್ಟ್ಯಾಂಡ್‌ಬೈ’ ಎಂದೆ.

ಕೋಣೆಯ ಬಾಗಿಲಿಗೆ ಅಡ್ಡವಾಗಿ ಹುಡುಗಿಯ ತಾಯಿ ನಿಂತಿದ್ದರು. ‘ನನ್ನ ಅಣ್ಣ ಎಲ್ಲಿ?’

‘ಆಂಟಿ, ಒಂದೂವರೆ ನಿಮಿಷದ ಎಂಟ್ರಿ ಅಷ್ಟೇ, ಮುಗಿದ ಮೇಲೆ ಅವರನ್ನು ಸ್ಟೇಜಿಗೆ ಕರೆಸುತ್ತೇನೆ’ ಎಂದೆ. ಈ ಮಾತನ್ನು ನೆನೆದರೆ ಇಂದಿಗೂ ಮೈ ಬಿಸಿಯಾಗುತ್ತದೆ. ಅವರು ದನಿ ಏರಿಸಲಿಲ್ಲ. ‘ಸೋದರಮಾವ ಕೈ ಹಿಡಿಯದೆ ನನ್ನ ಮಗಳು ಈ ಹೊಸ್ತಿಲು ದಾಟುವುದಿಲ್ಲ’ ಎಂದರು. ಹಿಂದೆ ನಿಂತಿದ್ದ ಹುಡುಗಿ ಕಣ್ಣಿನ ಕಾಡಿಗೆ ಕದಡದಂತೆ ಟಿಶ್ಯೂ ಒತ್ತಿಕೊಳ್ಳುತ್ತಿದ್ದಳು. ಮಾವನ ವಿಷಯ ಅವಳಿಗೂ ಆಗಲೇ ಹೊಳೆದದ್ದು.

ಸೋಫಾ ಖಾಲಿ. ಊಟದ ಹಾಲ್‌ನಲ್ಲಿ ಎಲೆ ಹಾಸುತ್ತಿದ್ದರು, ಅಲ್ಲಿಯೂ ಇಲ್ಲ. ಫೋನು ರಿಂಗಾಗುತ್ತಿದೆ, ಎತ್ತುತ್ತಿಲ್ಲ. ನಾನು ಬ್ಲೇಜರ್ ತೊಟ್ಟು, ಕಿವಿಯಲ್ಲಿ ಇಯರ್‌ಪೀಸ್ ಸಿಕ್ಕಿಸಿಕೊಂಡು ಪಾರ್ಕಿಂಗ್‌ನಲ್ಲಿ ಕಾರಿನ ಗಾಜುಗಳೊಳಗೆ ಇಣುಕುತ್ತ ಓಡುತ್ತಿದ್ದೆ. ಇಯರ್‌ಪೀಸ್‌ನಲ್ಲಿ ನನ್ನ ಜೂನಿಯರ್ ಮೂವತ್ತು ಸೆಕೆಂಡಿಗೊಮ್ಮೆ ಗಂಟೆ ಹೇಳುತ್ತಿದ್ದ. 10.38. ಪುರೋಹಿತರು ಮಂಗಳಾಷ್ಟಕವನ್ನು ಎರಡನೆಯ ಸಲ ಶುರು ಮಾಡಿದ್ದಾರೆ. 10.40. ಹುಡುಗನ ಅಂಗೈಯ ಬೆಲ್ಲ ಕರಗುತ್ತಿದೆ. 10.41. ಬಾಸ್ ಲೈವ್‌ನಲ್ಲಿ ನೋಡುತ್ತಿದ್ದಾರೆ, ‘ಏನಾಗುತ್ತಿದೆ’ ಎಂದು ಮೆಸೇಜ್. ಅದಕ್ಕೆ ಉತ್ತರಿಸಲಿಲ್ಲ. ಆ ದಿನ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು.

ಗೇಟಿನ ಸೆಕ್ಯೂರಿಟಿಯವನು ರಸ್ತೆಯ ಆಚೆ ಕೈ ತೋರಿಸಿದ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವರು ಕುಳಿತಿದ್ದರು, ತೊಡೆಯ ಮೇಲೆ ಅದೇ ರೆಗ್ಸಿನ್ ಬ್ಯಾಗು.

‘ಸರ್, ದಯವಿಟ್ಟು ಬನ್ನಿ, ಎಲ್ಲರೂ ಕಾಯುತ್ತಿದ್ದಾರೆ.’

‘ಯಾಕೆ? ನನ್ನ ಹೆಸರು ಲಿಸ್ಟಿನಲ್ಲಿ ಇಲ್ಲ ಎಂದು ನೀವೇ ನೋಡಿ ಹೇಳಿದಿರಲ್ಲ.’

ಆಮೇಲೆ ತಿಳಿಯಿತು, ಅವರು ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಟಿಕೆಟ್ ಲೆಕ್ಕದ ವೇಬಿಲ್‌ನಲ್ಲಿ ಇಲ್ಲದ್ದು ಅವರ ಪಾಲಿಗೆ ಲೋಕದಲ್ಲೇ ಇಲ್ಲ. ನಾನು ಕ್ಷಮೆ ಕೇಳಿದೆ. ಅದನ್ನು ಪಕ್ಕಕ್ಕೆ ಸರಿಸಿ, ‘ನಿಮ್ಮ ಶೀಟು ಕೊಡಿ’ ಎಂದರು. ನನ್ನ ಜೇಬಿನಲ್ಲಿದ್ದ ಪ್ರಿಂಟ್ ಬಿಡಿಸಿಕೊಟ್ಟೆ. ಕನ್ನಡಕ ಏರಿಸಿ ಮೇಲಿನಿಂದ ಒಂದೊಂದೇ ಸಾಲು ಓದತೊಡಗಿದರು. ಅಲ್ಲಿ ಮುಹೂರ್ತ ಓಡುತ್ತಿದೆ, ಇಲ್ಲಿ ಇವರು ಜನರೇಟರ್ ಟೆಸ್ಟ್, ವ್ಯಾಲೆಟ್ ಬ್ರೀಫಿಂಗ್ ಎಲ್ಲವನ್ನೂ ಓದುತ್ತಿದ್ದಾರೆ. 10.05ರ ಸಾಲಿಗೆ ಬಂದು ನಿಂತರು. ಅಲ್ಲಿ ಪೈರೋ ಹುಡುಗನ ಹೆಸರು, ಅವನ ಸಹಾಯಕನ ಹೆಸರು, ನಾಲ್ವರು ಕಸಿನ್‌ಗಳ ಹೆಸರು ಇದ್ದವು.

‘ಹೊಗೆ ಬಿಡುವವನಿಗೂ ಹೆಸರಿದೆ’ ಎಂದರು.

ಜೇಬಿನ ಪೆನ್ನು ತೆಗೆದು ನನಗೆ ಕೊಟ್ಟರು. ಬೆಂಚಿನ ಮೇಲೆ ಶೀಟನ್ನು ಇಟ್ಟು, ಮಂಡಿಯೂರಿ, ಆ ಸಾಲಿನ ಪಕ್ಕ ‘ಸೋದರಮಾವ’ ಎಂದು ಬರೆದು ಅವರ ಹೆಸರು ಸೇರಿಸಿದೆ. ಇನಿಷಿಯಲ್ ಬಿಟ್ಟಿದ್ದೆ, ಅದನ್ನೂ ಹಾಕಿಸಿದರು. ಆಮೇಲೆ ಎದ್ದು ಪಂಚೆ ಸರಿಪಡಿಸಿಕೊಂಡು, ನನಗಿಂತ ಬಿರುಸಾಗಿ ರಸ್ತೆ ದಾಟಿದರು. ಬೆಳಿಗ್ಗೆಯಿಂದ ಉಪವಾಸ ಇದ್ದ ಮನುಷ್ಯ.

10.52ಕ್ಕೆ ಎಂಟ್ರಿ. ಚಾದರವನ್ನು ಬಿಡಲಿಲ್ಲ, ಮಾವ ಅದರ ಕೆಳಗೇ ಹುಡುಗಿಯ ಕೈ ಹಿಡಿದು ನಡೆದರು. ಅವರು ಎತ್ತರದ ಆಳು, ಹೂವಿನ ಎಳೆಗಳು ಮುಖಕ್ಕೆ ಬಡಿಯುತ್ತಿದ್ದವು. ಪೈರೋ ಕ್ಯಾನ್ಸಲ್ ಎಂದು ವಾಕಿಯಲ್ಲಿ ಎರಡು ಸಲ ಕೂಗಿದ್ದೆ. ಕೋಲ್ಡ್ ಎಂದು ಹೆಸರಷ್ಟೇ, ನಳಿಕೆಯ ಬಾಯಿಗೆ ಬಟ್ಟೆ ತಾಗಿದರೆ ಸುಡುತ್ತದೆ, ಮಾವನ ಪಂಚೆಯ ಅಂಚು ಎತ್ತ ಹಾರುತ್ತದೋ ಯಾರಿಗೆ ಗೊತ್ತು. ಆ ಹುಡುಗ ಬೇರೆ ಚಾನೆಲ್‌ನಲ್ಲಿದ್ದ. ಹೊತ್ತಿಸಿಯೇಬಿಟ್ಟ. ಮಾವ ಬೆಚ್ಚಲಿಲ್ಲ, ಹೆಜ್ಜೆ ತಪ್ಪಲಿಲ್ಲ, ಹುಡುಗಿಯನ್ನು ತಮ್ಮ ಎಡಕ್ಕೆ ಎಳೆದುಕೊಂಡು ಮುಂದೆ ನಡೆದರು. ಗಟ್ಟಿಮೇಳ ಮೊಳಗಿ ಮಾಂಗಲ್ಯಧಾರಣೆ ಆದಾಗ 11.01. ನನ್ನ ಕಾಲು ಆಗ ನಡುಗಲು ಶುರುವಾಯಿತು.

ರೀಲ್ ಹುಡುಗ ಕಳಿಸಿದ ಮೊದಲ ಕಟ್‌ನಲ್ಲಿ ಮಾವನನ್ನು ಅರ್ಧಕ್ಕೆ ಕತ್ತರಿಸಿದ್ದ. ಹುಡುಗಿ ಎರಡು ಸಲ ವಾಪಸು ಕಳಿಸಿ ಸರಿಮಾಡಿಸಿದಳು.

ರಿವ್ಯೂನಲ್ಲಿ ಇದನ್ನೆಲ್ಲ ಹೇಳಿದೆ. ‘ಕ್ಲೈಂಟ್ ಸೈನ್‌ಆಫ್ ಇದೆಯಲ್ಲ, ನಾವು ಸೇಫ್’ ಎಂದರು ಬಾಸ್. ಸೈನ್‌ಆಫ್ ಕೊಟ್ಟವಳು ಇಪ್ಪತ್ತೇಳರ ಹುಡುಗಿ, ತನ್ನ ಮದುವೆಯಲ್ಲಿ ಯಾರು ಏನು ಹಿಡಿಯಬೇಕು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಎಂಟ್ರಿಯ ಡಿಸೈನ್‌ಗೂ ಮೊದಲು ಎರಡೂ ಕಡೆಯ ಹಿರಿಯ ಹೆಂಗಸರನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳುತ್ತೇನೆ: ಕಳಶ ಯಾರದು, ಅಂತರಪಟ ಹಿಡಿಯುವವರು ಯಾರು, ಕಾಶಿಯಾತ್ರೆಯ ಕೊಡೆ ಯಾರು ಹಿಡಿಯುತ್ತಾರೆ, ಹುಡುಗಿಯನ್ನು ಕರೆತರುವವರು ಯಾರು, ಅವರಿಲ್ಲದಿದ್ದರೆ ಯಾರು. ಮೊದಲೇ ಹಾಲ್ ನೋಡಿಬರುವ ರೆಕ್ಕಿಗೆ ಪುರೋಹಿತರನ್ನೂ ಕರೆದೊಯ್ಯುತ್ತೇನೆ. ಕ್ಲೋಸಪ್‌ಗಳೆಲ್ಲ ನಾಂದಿಯ ದಿನವೇ ಮುಗಿಯಬೇಕು, ಮುಹೂರ್ತದ ಬೆಳಿಗ್ಗೆ ಕೋಣೆಗೆ ಕ್ಯಾಮೆರಾ ಹದಿನೈದು ನಿಮಿಷ ಮಾತ್ರ. ಇದಕ್ಕೆ ಫೋಟೊದವರು ನನ್ನನ್ನು ಬೈಯುತ್ತಾರೆ, ಬೈಯಲಿ.

ಟೂಲ್‌ನದೇ ಇನ್ನೊಂದು ಗೋಳು. ಲಕ್ಷಗಟ್ಟಲೆ ಕೊಟ್ಟು ತಂದ ಆ್ಯಪ್‌ನಲ್ಲಿ ‘ಕ್ಲೈಂಟ್’, ‘ಗೆಸ್ಟ್’, ‘ವೆಂಡರ್’ ಎಂಬ ಮೂರೇ ಕಾಲಂ. ಸೋದರಮಾವನನ್ನು ಗೆಸ್ಟ್‌ಗೆ ಹಾಕಿದರೆ ಸಮಯ ನಮೂದಿಸಲು ಬಿಡುವುದಿಲ್ಲ. ಹೊಸ ಕಾಲಂ ಕೊಡಿ ಎಂದು ಏಪ್ರಿಲ್‌ನಲ್ಲಿ ಟಿಕೆಟ್ ಹಾಕಿದ್ದೇನೆ, ಇನ್ನೂ ‘ಪರಿಶೀಲನೆಯಲ್ಲಿದೆ’. ಅಲ್ಲಿಯವರೆಗೆ ಎಲ್ಲ ಸೋದರಮಾವಂದಿರನ್ನೂ ವೆಂಡರ್ ಎಂದೇ ಸೇರಿಸುತ್ತಿದ್ದೇನೆ. ಮದುವೆಯ ದಿನ ಬೆಳಿಗ್ಗೆ ಆರಕ್ಕೆ ಎಲ್ಲ ವೆಂಡರ್‌ಗಳಿಗೂ ಅದು ತಾನಾಗಿ ಮೆಸೇಜ್ ಕಳಿಸುತ್ತದೆ: ‘ನಿಮ್ಮ ಸೆಟಪ್ ಎಷ್ಟರಮಟ್ಟಿಗೆ ಆಗಿದೆ? ಜಿಎಸ್‌ಟಿ ಬಿಲ್ ತಂದಿದ್ದೀರಾ?’ ಮೇ ತಿಂಗಳಲ್ಲಿ ಹಾಸನದ ಮಾವ ಒಬ್ಬರು ತಕ್ಷಣ ಉತ್ತರಿಸಿದ್ದರು: ‘ಸ್ನಾನ ಆಯಿತು, ಪಂಚೆ ಉಡುತ್ತಿದ್ದೇನೆ. ಬಿಲ್ ಯಾವುದರದು?’