ಗಾಜಿನ ಮೇಲೆ ಬರೆದ ಎಲೆ ಲೆಕ್ಕ

"ಅಲ್ಲಮ್ಮಾ, ನಾನು ಎದ್ದು ಹೋದ ಮೇಲೆ ನೀನು ಇದನ್ನ ಅಳಿಸಿದ್ರೆ ನನಗೆ ಹೇಗೆ ಗೊತ್ತಾಗುತ್ತೆ?"

ಮೊನ್ನೆ ಮಂಗಳವಾರ ಮೇಷ್ಟ್ರು ಹೀಗೆ ಕೇಳಿದರು. ದನಿಯಲ್ಲಿ ಅನುಮಾನ ಇರಲಿಲ್ಲ. ಕ್ಲಾಸಿನಲ್ಲಿ ಹುಡುಗರನ್ನು ಎಬ್ಬಿಸಿ ಪ್ರಶ್ನೆ ಕೇಳುತ್ತಾರಲ್ಲ, ಹಾಗೆ ಕೇಳಿ, ಉತ್ತರಕ್ಕೆ ಕಾದು ಕೂತರು. ನನ್ನ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ಪರದೆಯ ಮೇಲೆ ಆಗಷ್ಟೇ ಬರೆದಿದ್ದ 'ಮಧ್ಯಾಹ್ನ ಎಲೆ 350' ಹೊಳೆಯುತ್ತಿತ್ತು. ಟ್ಯಾಬ್ ಮನೆಗೆ ಬಂದು ಅವತ್ತಿಗೆ 12 ದಿನ. ಅದನ್ನು ತಗೊಳ್ಳೋಕೆ ಮುಂಚೆ ನೂರು ಪ್ರಶ್ನೆ ಕೇಳಿದ್ದೆ. ಈ ಒಂದು ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ನಮ್ಮದು ಅಡುಗೆ ಕಾಂಟ್ರ್ಯಾಕ್ಟ್. ಶಿವಮೊಗ್ಗದಲ್ಲಿ ಅಪ್ಪ ಶುರು ಮಾಡಿದ್ದು, ಈಗ ನಾನು ನಡೆಸುತ್ತಿದ್ದೇನೆ. ಮದುವೆ, ಮುಂಜಿ, ನಾಮಕರಣ, ವೈಕುಂಠ ಸಮಾರಾಧನೆ, ಏನೇ ಇರಲಿ, ಮಾತು ಶುರುವಾಗುವುದು ಎಲೆ ಲೆಕ್ಕದಿಂದ. ಎಷ್ಟು ಎಲೆ ಅಂತ ಗೊತ್ತಾದರೆ ಅಕ್ಕಿ, ಬೇಳೆ, ಕಾಯಿ, ಗ್ಯಾಸ್, ಬಡಿಸುವ ಹುಡುಗರು ಎಲ್ಲ ತಾನಾಗಿ ಬರುತ್ತದೆ. ಎಲೆ ತಪ್ಪಿದರೆ ಎಲ್ಲವೂ ತಪ್ಪು. 100 ಎಲೆ ಆಚೀಚೆ ಆದರೆ ಅಕ್ಕಿಯಲ್ಲೇ 10 ಕೆ.ಜಿ. ವ್ಯತ್ಯಾಸ.

ಅಪ್ಪ ಇದನ್ನೆಲ್ಲ ರಟ್ಟಿನ ಉದ್ದ ಪುಸ್ತಕದಲ್ಲಿ ಬರೆಯುತ್ತಿದ್ದರು. ಪ್ರತಿ ದೀಪಾವಳಿಗೆ ಹೊಸ ಪುಸ್ತಕ. ಮೊದಲ ಪುಟಕ್ಕೆ 'ಶ್ರೀ', ನಾಲ್ಕೂ ಮೂಲೆಗೆ ಅರಿಶಿನ. ಒಂದು ಕಾರ್ಯಕ್ಕೆ ಒಂದು ಪುಟ. ಕೊನೆಗೆ ಗಿರಾಕಿಯ ಸಹಿ. ನಾನೂ ಅದನ್ನೇ ಮುಂದುವರಿಸಿದ್ದೆ. ಒಂದೇ ಒಂದು ಬದಲಾವಣೆ ಮಾಡಿದ್ದೆ. ಅಪ್ಪ ಬಾಲ್ ಪೆನ್ನು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ನನಗೆ ಜೆಲ್ ಪೆನ್ನು ಇಷ್ಟ, ಕೈ ಸಲೀಸಾಗಿ ಓಡುತ್ತದೆ.

ಹೋದ ತಿಂಗಳು ಒಂದು ಮುಂಜಿ ಮನೆಯ ಅಡುಗೆಯಲ್ಲಿ ಪುಸ್ತಕ ಬೇಳೆ ತೊಳೆಯುವ ಕೊಳಗಕ್ಕೆ ಬಿತ್ತು. ಕ್ಷಣದಲ್ಲೇ ಎತ್ತಿದೆ. ಆದರೂ ಜೆಲ್ ಇಂಕು ನೀಲಿ ಮೋಡದ ಹಾಗೆ ಪುಟದ ತುಂಬಾ ಹರಡಿತು. ಮುಂದಿನ ಭಾನುವಾರದ ಕಾರ್ಯದ ಎಲೆ 250 ಇತ್ತೋ 350 ಇತ್ತೋ, ಎಷ್ಟು ನೋಡಿದರೂ ಗೊತ್ತಾಗಲಿಲ್ಲ. ಅದೇ ಪುಸ್ತಕದಲ್ಲಿ ನಮ್ಮ ಭಟ್ರು ಬಾಲ್ ಪೆನ್ನಿನಲ್ಲಿ ಬರೆದಿದ್ದ ಸಾಮಾನು ಚೀಟಿ ಒಂದಕ್ಷರ ಕದಲದೆ ಕೂತಿತ್ತು. ಅದರ ಇಂಕಿನಲ್ಲಿ ಎಣ್ಣೆ ಇರುತ್ತದೆ, ನೀರಿಗೆ ಜಗ್ಗುವುದಿಲ್ಲ. ಅಪ್ಪ ಯಾಕೆ ಹಟ ಹಿಡಿಯುತ್ತಿದ್ದರು ಅಂತ ಅವತ್ತು ಅರ್ಥವಾಯಿತು. ಆ ಮನೆಯವರಿಗೆ ಫೋನು ಮಾಡಿ ಮತ್ತೆ ಲೆಕ್ಕ ಕೇಳಬೇಕಾಯಿತು. ಆ ಮನೆಯಮ್ಮ ಬೇಜಾರಿಲ್ಲದೆ ಹೇಳಿದರು. ನನಗೆ ಮಾತ್ರ ಮೂರು ದಿನ ಸಮಾಧಾನ ಇರಲಿಲ್ಲ.

ಆಗ ಅಕ್ಕನ ಮಗಳು ಹೇಳಿದಳು, "ಚಿಕ್ಕಮ್ಮ, ಟ್ಯಾಬ್ ತಗೋ. ಕೈಯಲ್ಲೇ ಬರಿ. ಬರೆದದ್ದು ಎಲ್ಲೂ ಹೋಗಲ್ಲ."

ಫೋನಿನಲ್ಲಿ ಟೈಪ್ ಮಾಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಪ್ರಯತ್ನ ಮಾಡಿದ್ದೇನೆ. ಗಿರಾಕಿ ಮಾತಾಡುವಾಗ ತಲೆ ಬಗ್ಗಿಸಿ ಫೋನು ಒತ್ತುತ್ತಾ ಕೂತರೆ ಅವರ ಮಾತು ಅಲ್ಲೇ ನಿಂತುಬಿಡುತ್ತದೆ. ಕೈಯಲ್ಲಿ ಬರೆದರೆ ಹಾಗಾಗುವುದಿಲ್ಲ. ಮಗಳ ಮದುವೆಯ ಊಟ ಹೇಳುತ್ತಿರುವ ಅಪ್ಪನಿಗೆ, ತನ್ನ ಮಾತು ಅಕ್ಷರ ಆಗುವುದು ಕಾಣಬೇಕು. ಅಲ್ಲದೆ ಛತ್ರದ ಅಡುಗೆ ಮನೆಯ ಚಿತ್ರ, ಒಲೆ ಎಲ್ಲಿ, ನಲ್ಲಿ ಎಲ್ಲಿ, ಬಡಿಸುವ ಬಾಗಿಲು ಯಾವ ಕಡೆ, ಇದನ್ನೆಲ್ಲ ಟೈಪ್ ಮಾಡೋಕಾಗಲ್ಲ.

ಮೊದಲು ತಮ್ಮನ ಹಳೇ ಟ್ಯಾಬ್ ತಗೊಂಡು, ತುದಿಗೆ ರಬ್ಬರ್ ಇರುವ ಅಗ್ಗದ ಪೆನ್ನು ತರಿಸಿದೆ. ಅದು ಪೆನ್ನಲ್ಲ, ಬೆರಳಿಗೆ ಬದಲಿ, ಅಷ್ಟೇ. ಪರದೆಗೆ ಅದು ಬೆರಳೋ ಪೆನ್ನೋ ಗೊತ್ತಾಗುವುದೇ ಇಲ್ಲ. ಅಂಗೈ ಊರಿದರೆ ಅಲ್ಲೂ ಗೀಟು ಬೀಳುತ್ತದೆ. ಕೈ ಎತ್ತಿ ಹಿಡಿದು ಬರೆದರೆ ಐದು ನಿಮಿಷಕ್ಕೆ ಭುಜ ನೋವು. ದುಡ್ಡು ಉಳಿಸೋಣ ಅಂತ ಯಾರಾದರೂ ಇದನ್ನು ತಗೊಳ್ಳುತ್ತಿದ್ದರೆ, ದಯವಿಟ್ಟು ಬೇಡ. ಬರೆಯುವುದಕ್ಕೆ ಬೇಕಾದ್ದು ಪೆನ್ನು ಬೇರೆ, ಅಂಗೈ ಬೇರೆ ಅಂತ ಗುರುತಿಸುವ ಟ್ಯಾಬ್.

ಅಕ್ಕನ ಮಗಳ ಹತ್ತಿರ ಐಪ್ಯಾಡ್ ಇದೆ. ಚಿತ್ರ ಬರೆಯುತ್ತಾಳೆ, ಚೆನ್ನಾಗಿ ಬರೆಯುತ್ತಾಳೆ. ಅದರ ಪೆನ್ನಿನ ವಿಷಯ ಅವಳೇ ಒಂದು ಸಂಜೆ ಕೂತು ಬಿಡಿಸಿ ಹೇಳಿದಳು. ಆ್ಯಪಲ್ ಪೆನ್ಸಿಲ್ ಮೊದಲು ಬಂದದ್ದು 2015ರಲ್ಲಿ. 2018ರಲ್ಲಿ ಎರಡನೆಯದು, 2023ರಲ್ಲಿ ಯುಎಸ್‌ಬಿ-ಸಿ ಪೆನ್ಸಿಲ್, 2024ರಲ್ಲಿ ಪ್ರೊ. ಎಲ್ಲ ಪೆನ್ಸಿಲ್ ಎಲ್ಲ ಐಪ್ಯಾಡಿಗೂ ಆಗುವುದಿಲ್ಲ, ನೋಡಿ ತಗೋಬೇಕು. ಯುಎಸ್‌ಬಿ-ಸಿ ಪೆನ್ಸಿಲ್ಲಿಗೆ ಒತ್ತಡ ತಿಳಿಯುವುದಿಲ್ಲ. ಅಂದರೆ ಒತ್ತಿ ಬರೆದರೆ ದಪ್ಪ, ಹಗುರ ಬರೆದರೆ ಸಣ್ಣ ಅನ್ನುವುದು ಅದರಲ್ಲಿ ಇಲ್ಲ. ಅವಳಿಗೆ ಅದು ದೊಡ್ಡ ವಿಷಯ. 'ಜೀರಿಗೆ 2 ಕೆ.ಜಿ.' ಅಂತ ಬರೆಯುವ ನನಗೆ ಅಲ್ಲ. ನನಗೆ ಯೋಚನೆಯಾದದ್ದು ಚಾರ್ಜಿಂಗ್. ಈ ಪೆನ್ಸಿಲ್‌ಗಳನ್ನು ಚಾರ್ಜ್ ಮಾಡಬೇಕು. ಛತ್ರದ ಹಿಂದಿನ ಅಡುಗೆ ಮನೆಯಲ್ಲಿ ಎರಡು ಪ್ಲಗ್ ಇದ್ದರೆ ಒಂದು ಗ್ರೈಂಡರಿಗೆ, ಇನ್ನೊಂದು ಮಿಕ್ಸಿಗೆ.

ಜರ್ಮನಿಯಲ್ಲಿರುವ ಭಾವನ ಮಗ ರಿಮಾರ್ಕಬಲ್ 2 ಅನ್ನುವ, ಬರೆಯುವುದಕ್ಕೆಂದೇ ಮಾಡಿದ ಟ್ಯಾಬ್ ಇಟ್ಟುಕೊಂಡಿದ್ದಾನೆ. ನಾರ್ವೆಯವರದ್ದು, 2020ರಲ್ಲಿ ಬಂದದ್ದು. ಹೋದ ವರ್ಷ ಊರಿಗೆ ಬಂದಾಗ ಬರೆದು ನೋಡಿದ್ದೆ. ನಿಜ ಹೇಳುತ್ತೇನೆ, ಬರೆಯುವ ಸುಖಕ್ಕೆ ಅದೇ ಮೇಲು. ಕಾಗದದ ಮೇಲೆ ಪೆನ್ಸಿಲ್ ಉಜ್ಜಿದ ಹಾಗೆ ಸರಸರ ಸದ್ದು ಕೂಡ ಬರುತ್ತದೆ. ಆದರೆ ಅದರ ಪರದೆಗೆ ಬೆಳಕಿಲ್ಲ. ನಮ್ಮ ಕೆಲಸ ಶುರುವಾಗುವುದು ಬೆಳಗಿನ ಜಾವ 4 ಗಂಟೆಗೆ. ಸಾಮಾನು ಇಳಿಸುವ ಜಾಗದಲ್ಲಿ ಎಷ್ಟೋ ಸಲ ದೀಪವೇ ಇರುವುದಿಲ್ಲ.

ಕೊನೆಗೆ ತಗೊಂಡದ್ದು ಸ್ಯಾಮ್‌ಸಂಗ್ ಟ್ಯಾಬ್ ಎಸ್9 ಎಫ್‌ಇ. ಕಾರಣ ಎರಡೇ. ಒಂದು, ಪೆನ್ನು ಅದರ ಪೆಟ್ಟಿಗೆಯಲ್ಲೇ ಬರುತ್ತದೆ, ಆ ಪೆನ್ನಿನೊಳಗೆ ಬ್ಯಾಟರಿಯೇ ಇಲ್ಲ. ಪರದೆಯ ಕೆಳಗಿನಿಂದಲೇ ಅದಕ್ಕೆ ಬೇಕಾದ ಶಕ್ತಿ ಸಿಗುತ್ತದೆ. ಎರಡು, ಟ್ಯಾಬ್ ಮತ್ತು ಪೆನ್ನು ಎರಡಕ್ಕೂ ಐಪಿ68 ಇದೆ. ನೀರು, ಧೂಳು ಒಳಗೆ ಹೋಗುವುದಿಲ್ಲ. ಆ ಬೇಳೆಯ ಕೊಳಗ ಇನ್ನೂ ನನ್ನ ಕಣ್ಣ ಮುಂದೆ ಇತ್ತು.

ಅಂಗಡಿಯ ಹುಡುಗ ಒಳ್ಳೆಯವನು, ತಾಳ್ಮೆಯಿಂದ ತೋರಿಸಿದ. ಆದರೆ ಎಲ್ಲ ಟ್ಯಾಬಿನ ಮೇಲೂ ಅವನು ಬರೆದು ತೋರಿಸಿದ್ದು ಇಂಗ್ಲಿಷಿನ 'ಹಲೋ'. ನಾನು ಪೆನ್ನು ಇಸ್ಕೊಂಡು 'ಕೊತ್ತಂಬರಿ ಕಟ್ಟು' ಅಂತ ಬರೆದೆ. ಅದರ ಕೆಳಗೆ 'ಉದ್ದಿನಬೇಳೆ'. "ಕನ್ನಡದಲ್ಲಿ ಬರೆದು ನೋಡಿದವರು ನೀವೇ ಮೊದಲು ಮೇಡಂ" ಅಂದ. ಶಿವಮೊಗ್ಗದಲ್ಲಿ! ಮನಸ್ಸಿಗೆ ಕಷ್ಟವಾಯಿತು. ಯಾಕೆಂದರೆ ಕನ್ನಡದಲ್ಲಿ ಬರೆದಾಗಲೇ ನಿಜವಾದ ತೊಂದರೆ ಕಾಣುವುದು. ಅದರಲ್ಲಿರುವ ಗೆರೆ ಹಾಕಿದ ಪುಟ ಇಂಗ್ಲಿಷ್ ಅಳತೆಯದು. ಮೇಲಿನ ಸಾಲಿನ ಒತ್ತಕ್ಷರ ಇಳಿದು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. 'ಕೊತ್ತಂಬರಿ'ಯ ತ ಒತ್ತು ಕೆಳಗಿನ 'ಉ' ಮೇಲೆ ಹೋಗಿ ಕೂತಿತು. ಅಗಲ ಗೆರೆಯ ಪುಟ ಹುಡುಕಿ ಹಾಕಿಕೊಂಡ ಮೇಲೆ ಸರಿಹೋಯಿತು. ಗಾಜು ತುಂಬಾ ಜಾರುತ್ತಿತ್ತು, ದುಂಡಗೆ ತಿರುಗಿಸಬೇಕಾದ ಕಡೆ ಪೆನ್ನು ಹಿಡಿತ ತಪ್ಪುತ್ತಿತ್ತು. ಹೊಳಪಿಲ್ಲದ ಒರಟು ಹಾಳೆ ಅಂಟಿಸಿದ ಮೇಲೆ ನನ್ನ ಅಕ್ಷರ ನನ್ನದೇ ಅನ್ನಿಸಿತು. ಪುಟದ ಹೆಸರು ಮಾತ್ರ ಜಿಬೋರ್ಡ್ ಅನ್ನುವ ಕೀಬೋರ್ಡ್ ಆ್ಯಪಿನ ಕನ್ನಡ ಕೈಬರಹದಲ್ಲಿ ಬರೆಯುತ್ತೇನೆ. ಅದು ನನ್ನ ಅಕ್ಷರ ಓದಿ ಟೈಪ್ ಆಗಿ ಕೂರಿಸುತ್ತದೆ. ಆಮೇಲೆ ಹುಡುಕಿದರೆ ಸಿಗುತ್ತದೆ.

ಇಷ್ಟೆಲ್ಲ ಮಾಡಿ, ಎಲ್ಲ ಸರಿಯಾಯಿತು ಅಂದುಕೊಂಡು ಮೇಷ್ಟ್ರ ಮುಂದೆ ಕೂತಿದ್ದೆ.

ಅವರು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ದೊಡ್ಡ ಮಗಳ ಮದುವೆಗೂ ನಮ್ಮದೇ ಅಡುಗೆ, ಆಗ ಅಪ್ಪ ಇದ್ದರು. ಈಗ ಚಿಕ್ಕ ಮಗಳದ್ದು. ಎಲೆ 400 ಅಂತ ಶುರು ಮಾಡಿ, ಸ್ವಲ್ಪ ಯೋಚಿಸಿ, "350 ಸಾಕಮ್ಮ" ಅಂದರು. ನಾನು ಪೆನ್ನಿನ ಪಕ್ಕದ ಗುಂಡಿ ಒತ್ತಿ 400 ಅಳಿಸಿದೆ. 350 ಬರೆದೆ. ಪುಟ ಎಷ್ಟು ಚೊಕ್ಕವಾಗಿ ಕಾಣುತ್ತಿತ್ತು! ಆಗಲೇ ಅವರು ಕೇಳಿದ್ದು.

"ನಾನು ಎದ್ದು ಹೋದ ಮೇಲೆ ನೀನು ಇದನ್ನ ಅಳಿಸಿದ್ರೆ..."

ನಾನು ಏನೂ ಹೇಳಲಿಲ್ಲ. ಅವರೇ ಮುಂದುವರಿಸಿದರು. "ಕಡತ ಅಂತೀವಲ್ಲ, ಅದು ಮೊದಲು ಆಫೀಸಿನ ಫೈಲ್ ಅಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಹಚ್ಚಿ, ಒಣಗಿಸಿ, ಪಟ್ಟಿಪಟ್ಟಿಯಾಗಿ ಮಡಚಿ ಇಡೋರು. ಕಪ್ಪು ಬಟ್ಟೆ ಮೇಲೆ ಬಳಪದಲ್ಲಿ ಬರೆಯೋದು. ವ್ಯಾಪಾರದವರು ಲೆಕ್ಕ ಅದರಲ್ಲೇ ಇಡ್ತಿದ್ರು. ಅದನ್ನೂ ಒರೆಸಿ ಮತ್ತೆ ಬರೀಬಹುದಿತ್ತು, ನಿನ್ನ ಈ ಹಲಗೆ ಥರಾನೇ."

"ಮತ್ತೆ ಜನ ಹೇಗೆ ನಂಬ್ತಿದ್ರು ಸರ್?"

"ಅದನ್ನೇ ನಾನು ನಿನ್ನ ಕೇಳ್ತಿರೋದು."

ಕಾಫಿ ಕುಡಿದು, ಆಮೇಲೆ ಫೋನು ಮಾಡುತ್ತೇನೆ ಅಂತ ಹೇಳಿ ಹೋದರು. ಪಕ್ಕದಲ್ಲಿದ್ದ ಭಟ್ರಿಗೆ ಸಿಟ್ಟು ಬಂದಿತ್ತು. "ಏನಕ್ಕಾ, 30 ವರ್ಷದ ಪರಿಚಯ, ನಮ್ಮ ಮೇಲೇ ಅನುಮಾನವಾ?" ಅಂದರು. ಭಟ್ರ ಕೈ ಎಷ್ಟು ಒಳ್ಳೆಯದೋ ಸಿಟ್ಟು ಅಷ್ಟೇ ಬೇಗ. ಅವರ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಮೇಷ್ಟ್ರು ನನ್ನನ್ನು ಅನುಮಾನಿಸಲಿಲ್ಲ. ನಾನು ನೋಡದೆ ಬಿಟ್ಟ ಒಂದನ್ನು ತೋರಿಸಿದರು, ಅಷ್ಟೇ.

ರಾತ್ರಿ ನಿದ್ದೆ ಬರಲಿಲ್ಲ. ಅಟ್ಟದಿಂದ ಅಪ್ಪನ ಪುಸ್ತಕಗಳನ್ನು ಇಳಿಸಿದೆ. ಮೇಷ್ಟ್ರ ದೊಡ್ಡ ಮಗಳ ಮದುವೆಯ ಪುಟ ಹುಡುಕಿದೆ. ಸಿಕ್ಕಿತು. ಎಲೆ 500 ಅಂತ ಬರೆದು, ಮೇಲೆ ಒಂದು ಗೀಟು, ಪಕ್ಕದಲ್ಲಿ 400. ಗೀಟಿನ ಪಕ್ಕ ಮೇಷ್ಟ್ರ ಚಿಕ್ಕ ಸಹಿ. ಕೆಳಗೆ ಊಟದ ಪಟ್ಟಿ. ಕೋಸಂಬರಿ, ಎರಡು ಪಲ್ಯ, ಮಜ್ಜಿಗೆಹುಳಿ, ಕಾಯಿ ಹೋಳಿಗೆ. ಅದರ ಕೆಳಗೆ 'ಚಿರೋಟಿ, ಬಾದಾಮಿ ಹಾಲು'. ಅದಕ್ಕೂ ಗೀಟು, ಅದಕ್ಕೂ ಸಹಿ. ಗೀಟಿನ ಹಿಂದೆ ಚಿರೋಟಿ ಸ್ಪಷ್ಟವಾಗಿ ಓದಲು ಬರುತ್ತಿತ್ತು. ಅದರ ಪಕ್ಕದಲ್ಲಿ, ಬೇರೆ ಇಂಕಿನಲ್ಲಿ, ಅಪ್ಪನ ಸಣ್ಣ ಅಕ್ಷರ: 'ಬೀಗರ ಪಂಕ್ತಿಗೆ 40. ಲೆಕ್ಕಕ್ಕೆ ಬೇಡ.'

ಆ ಸಾಲನ್ನು ಎಷ್ಟು ಸಲ ಓದಿದೆನೋ. ಸ್ಕೂಲು ಮೇಷ್ಟ್ರು, ಮೊದಲ ಮಗಳ ಮದುವೆ. ಚಿರೋಟಿ ಬೇಕು ಅಂತ ಬಾಯಿಬಿಟ್ಟು ಹೇಳಿದ್ದಾರೆ. ಒಟ್ಟು ಮೊತ್ತ ಕೇಳಿ ಬೇಡ ಅಂದಿದ್ದಾರೆ. ಅಪ್ಪ ಗೀಟು ಹಾಕಿದ್ದಾರೆ. ಆಮೇಲೆ ಯಾವತ್ತೋ, ಸಾಮಾನು ಚೀಟಿ ಬರೆಯಲು ಕೂತಾಗ, ಆ ಗೀಟು ಅಪ್ಪನ ಕಣ್ಣಿಗೆ ಬಿದ್ದಿದೆ. ಬೀಗರ ಎದುರು ಮೇಷ್ಟ್ರ ತಲೆ ತಗ್ಗಬಾರದು ಅಂತ 40 ಚಿರೋಟಿ ಮಾಡಿಸಿದ್ದಾರೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅಪ್ಪ ಅವತ್ತು ಅದನ್ನು ಅಳಿಸಿದ್ದರೆ ಆ ಪುಟದಲ್ಲಿ ಚಿರೋಟಿ ಅನ್ನುವ ಮಾತೇ ಇರುತ್ತಿರಲಿಲ್ಲ. ಮೇಷ್ಟ್ರಿಗೆ ಏನು ಬೇಕಿತ್ತು ಅಂತ ಅಪ್ಪನಿಗೂ ನೆನಪಾಗುತ್ತಿರಲಿಲ್ಲವೇನೋ.

ನಾನು 12 ದಿನದಲ್ಲಿ 6 ಪುಟ ಬರೆದಿದ್ದೆ. ಎಲ್ಲ ಚೊಕ್ಕ. ಯಾರು ಏನು ಕೇಳಿ ಯಾವುದನ್ನು ಬೇಡ ಅಂದರು, ಒಂದರಲ್ಲೂ ಇಲ್ಲ. ಒಬ್ಬ ತಾಯಿ ನಾಮಕರಣಕ್ಕೆ ಏನನ್ನೋ ಹೇಳಿ, ಗಂಡನ ಮುಖ ನೋಡಿ, "ಬೇಡ ಬಿಡಿ" ಅಂದಿದ್ದರು. ಏನದು? ಹೋಳಿಗೆಯೋ, ಜಿಲೇಬಿಯೋ? ಇವತ್ತಿಗೂ ನೆನಪು ಬರುತ್ತಿಲ್ಲ.

ಬುಧವಾರ ಬೆಳಿಗ್ಗೆ ಪೆನ್ನಿನ ಪಕ್ಕದ ಗುಂಡಿಯನ್ನು ಸೆಟಿಂಗ್‌ನಲ್ಲಿ ಬಂದ್ ಮಾಡಿದೆ. ಇನ್ನು ಮೇಲೆ ಕೆಂಪು ಬಣ್ಣದಲ್ಲಿ ಗೀಟು, ಪಕ್ಕದಲ್ಲಿ ಗಿರಾಕಿಯ ಸಹಿ. ಮಾತು ಮುಗಿದ ಕೂಡಲೇ, ಅವರು ಏಳುವ ಮುಂಚೆ, ಪುಟವನ್ನು ಪಿಡಿಎಫ್ ಮಾಡಿ ಅವರ ವಾಟ್ಸ್ಯಾಪಿಗೆ ಕಳಿಸುವುದು. ನಾನು ಆಮೇಲೆ ನನ್ನಲ್ಲಿ ಏನೇ ಬದಲಿಸಿದರೂ ಅವರ ಫೋನಿನಲ್ಲಿ ಅವತ್ತಿನ ಪುಟ ತಾರೀಕಿನ ಸಮೇತ ಇರುತ್ತದೆ.

ಟ್ಯಾಬ್ ಹಿಡಿದು ಮೇಷ್ಟ್ರ ಮನೆಗೇ ಹೋದೆ. ಹೊಸ ಪುಟ ತೆಗೆದು, 400 ಬರೆದು, ಅವರ ಎದುರೇ ಗೀಟು ಹಾಕಿ, 350 ಬರೆದೆ. ಪೆನ್ನು ಅವರ ಕೈಗೆ ಕೊಟ್ಟೆ. ಮೊದಲ ಸಹಿ ಜಾರಿ ಪಕ್ಕಕ್ಕೆ ಓಡಿತು. "ಇದನ್ನೂ ಹೊಡೆದು ಹಾಕು" ಅಂದರು. ಗೀಟು ಹಾಕಿದೆ. ಎರಡನೆಯ ಸಲ ಅಂಗೈ ಊರಿ, ನಿಧಾನವಾಗಿ ಬರೆದರು. ಅಪ್ಪನ ಪುಸ್ತಕದಲ್ಲಿದ್ದ ಅದೇ ಸಹಿ, ಸ್ವಲ್ಪ ನಡುಕ ಸೇರಿತ್ತು. ಅವರ ಫೋನು ಟಿಣ್ ಅಂದಿತು. ಕನ್ನಡಕ ಹಾಕಿಕೊಂಡು ಪುಟ ತೆರೆದು, ಬೆರಳಲ್ಲಿ ಹಿಗ್ಗಿಸಿ, ಮೇಲಿನಿಂದ ಕೆಳಗಿನವರೆಗೆ ಓದಿದರು. ಚಿರೋಟಿಯ ವಿಷಯ ನಾನು ಎತ್ತಲಿಲ್ಲ. ಅಪ್ಪ ಹೇಳದ್ದನ್ನು ನಾನು ಹೇಳುವುದು ಸರಿಯಲ್ಲ ಅನ್ನಿಸಿತು.

ನಿನ್ನೆ ಸಂಜೆ ಫೋನು ಬಂತು.

"ಊಟದ ಪಟ್ಟಿಯಲ್ಲಿ ಜಹಾಂಗೀರ್ ಇದೆಯಲ್ಲಮ್ಮಾ, ಅದು ಬೇಡ. ಚಿರೋಟಿ ಇರಲಿ. ಈ ಸಲ ಎಲ್ಲ ಪಂಕ್ತಿಗೂ. ಲೆಕ್ಕಕ್ಕೆ ಹಿಡಿದುಬಿಡು."

"ಆಯ್ತು ಸರ್, ಬದಲಾಯಿಸ್ತೀನಿ."

"ಅಳಿಸಬೇಡ. ಹೊಡೆದು ಹಾಕು. ನಾನು ಬಂದು ಸಹಿ ಮಾಡ್ತೀನಿ."