ಬಳ್ಳಾರಿಯ ಊಟದ ಮೇಜಿನಲ್ಲಿ ಬರ್ಗಂಡಿ

ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ತಂಪು ಕಲ್ಲುಮನೆಗಳಿಗೆ ಸರಿ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಅದನ್ನು ಪಾಲಿಸಿದರೆ ಹಣ್ಣಿನ ಘಮಕ್ಕಿಂತ ಮೊದಲು ಮದ್ಯಸಾರದ ಘಾಟೇ ಮೂಗಿಗೆ ಬಡಿಯುತ್ತದೆ. ಆದ್ದರಿಂದ ಗೆಳೆಯರ ಮನೆಯ ಊಟಕ್ಕೆ ಒಯ್ದ, ಫ್ರಾನ್ಸಿನ ಬರ್ಗಂಡಿ ಪ್ರದೇಶದ ಎರಡು ಬಾಟಲಿಗಳಲ್ಲಿ ಕೆಂಪನ್ನೂ ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟು, ಬಿಳಿಯದನ್ನು ಮಾತ್ರ ಬಡಿಸುವುದಕ್ಕೆ ತುಸು ಮುಂಚೆಯೇ ಹೊರತೆಗೆದೆವು. ತೀರಾ ತಣ್ಣಗಿದ್ದರೆ ಅದರ ಪರಿಮಳ ಬಾಯಿಬಿಡುವುದಿಲ್ಲ.

ಬಿಳಿಯದು ಮರ್ಸೋ ಗ್ರಾಮದ ಶಾರ್ಡನೇ ದ್ರಾಕ್ಷಿಯದು. ಗ್ಲಾಸಿನಲ್ಲಿ ತಿಳಿ ಹೊಂಬಣ್ಣ. ಮೊದಲಿಗೆ ನಿಂಬೆಸಿಪ್ಪೆಯ ವಾಸನೆ, ಸ್ವಲ್ಪ ಹೊತ್ತಿಗೆ ಹುರಿದ ಬೀಜದ ಮತ್ತು ಬೆಣ್ಣೆಯ ವಾಸನೆ. ಈ ಬೆಣ್ಣೆಗುಣ ಬರುವುದು ಎರಡನೆಯ ಹುದುಗುವಿಕೆಯಿಂದ: ಹಸಿ ಸೇಬಿನಲ್ಲಿರುವಂಥ ಚುರುಕಾದ ಹುಳಿಯನ್ನು ಬ್ಯಾಕ್ಟೀರಿಯಾಗಳು ಮೊಸರಿನಲ್ಲಿರುವಂಥ ಮೆತ್ತನೆಯ ಹುಳಿಯಾಗಿ ಮಾರ್ಪಡಿಸುತ್ತವೆ. ಓಕ್ ಪೀಪಾಯಿಯಲ್ಲಿ ಕಳೆದ ತಿಂಗಳುಗಳು ಅದಕ್ಕೆ ಮೈ ಕೊಡುತ್ತವೆ. ಆ ಮನೆಯ ಅಕ್ಕನವರು ತುಂಗಭದ್ರೆಯ ಮೀನನ್ನು ಖಾರದಪುಡಿ ಹಚ್ಚದೆ, ಕಾಳುಮೆಣಸು, ಉಪ್ಪು ಮಾತ್ರ ಸವರಿ ತುಪ್ಪದಲ್ಲಿ ಹುರಿದಿದ್ದರು. ಒಂದು ತುತ್ತು ಮೀನು, ಒಂದು ಗುಟುಕು ವೈನು. ತುಪ್ಪದ ಜಿಡ್ಡನ್ನು ಹುಳಿ ತೊಳೆದುಹಾಕಿ ನಾಲಿಗೆಯನ್ನು ಮುಂದಿನ ತುತ್ತಿಗೆ ಸಜ್ಜುಗೊಳಿಸುತ್ತಿತ್ತು.

ಕೆಂಪಿನ ಕಥೆ ಅಷ್ಟು ಸರಳವಾಗಿರಲಿಲ್ಲ. ಅದು ವೊಲ್ನೇ ಗ್ರಾಮದ ಪಿನೋ ನ್ವಾರ್. ಈ ದ್ರಾಕ್ಷಿಯ ಸಿಪ್ಪೆ ತೆಳು, ಅದರಲ್ಲಿ ಬಣ್ಣವೂ ಕಡಿಮೆ. ಗ್ಲಾಸಿನ ಹಿಂದೆ ಹಿಡಿದ ಬೆರಳು ಕಾಣುವಷ್ಟು ತಿಳಿಯಾಗಿರುತ್ತದೆ. “ಇದೇನ್ರೀ, ಕೆಂಪು ಅಂತೀರಿ, ನೀರು ಬೆರೆಸಿದಂಗೈತೆ” ಎಂದರು ಗೆಳೆಯರ ಅಣ್ಣ. ಮೂಗಿಗೆ ಹಿಡಿದ ಮೇಲೆ ಅವರೇ ಸುಮ್ಮನಾದರು: ಚೆರ್ರಿ, ಒಣಗಿದ ಗುಲಾಬಿ, ಮಳೆ ಬಿದ್ದ ಮಣ್ಣಿನ ಸುಳಿವು. ಆದರೆ ಜೋಳದ ರೊಟ್ಟಿಯೊಂದಿಗೆ ಎಣ್ಣೆಗಾಯಿ ಬಾಯಿಗಿಟ್ಟ ಕೂಡಲೇ ಅದೆಲ್ಲ ಮಾಯವಾಗಿ ಒಗರು, ಉರಿ ಮಾತ್ರ ಉಳಿದವು. ಮೆಣಸಿನಕಾಯಿಯ ಖಾರವು ಮದ್ಯಸಾರದ ಬಿಸಿಯನ್ನೂ ಒಗರನ್ನೂ ಎತ್ತಿ ತೋರಿಸಿ, ನಯವಾದ ಹಣ್ಣಿನ ರುಚಿಯನ್ನು ಮುಚ್ಚಿಬಿಡುತ್ತದೆ. ಕೆಂಪು ಚಟ್ನಿಯಿರುವ ತಟ್ಟೆಯ ಪಕ್ಕ ಇಂಥ ವೈನನ್ನು ಇಡುವುದೇ ಅನ್ಯಾಯವೆಂದು ನನ್ನ ಅಭಿಪ್ರಾಯ. ಖಾರ ತಗ್ಗಿಸಿ ನಿಧಾನವಾಗಿ ಬೇಯಿಸಿದ ಮಟನ್ ಬಂದಾಗ ವೊಲ್ನೇ ಮತ್ತೆ ಚೇತರಿಸಿಕೊಂಡಿತು.

ಬರ್ಗಂಡಿಯ ಹೆಸರಿಗೆ ಮರುಳಾಗಿ ದುಡ್ಡು ಸುರಿಯುವ ಮೊದಲು ಒಂದು ಸಂಗತಿ ತಿಳಿದಿರಬೇಕು. ಅಲ್ಲಿ ದರ್ಜೆ ದೊರೆಯುವುದು ದ್ರಾಕ್ಷಿ ಬೆಳೆಯುವ ಹೊಲಕ್ಕೆ. ಪ್ರದೇಶ, ಗ್ರಾಮ, ಪ್ರೀಮಿಯೆ ಕ್ರೂ, ಗ್ರಾಂ ಕ್ರೂ ಎಂಬ ಮೆಟ್ಟಿಲುಗಳಲ್ಲಿ ಕೊನೆಯದಕ್ಕೆ ಏರಿದವು 33 ಮಾತ್ರ. ಆದರೆ ಹೊಲ ಒಂದೇ ಆದರೂ ಒಡೆಯರು ಹಲವರು. ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳು ಗೋಡೆ ಕಟ್ಟಿ ಬೆಳೆಸಿದ ಕ್ಲೋ ದ ವೂಜೋ ಎಂಬ ಗ್ರಾಂ ಕ್ರೂ ಹೊಲ ಸುಮಾರು 50 ಹೆಕ್ಟೇರ್ ಇದ್ದು, ಇಂದು ಸುಮಾರು 80 ಜನರ ಪಾಲಾಗಿದೆ. ಒಂದೇ ಹೆಸರಿನ ಬಾಟಲಿಗಳಲ್ಲಿ ಅದ್ಭುತವೂ ಇರುತ್ತದೆ, ಸಪ್ಪೆಯೂ ಇರುತ್ತದೆ. ಆದ್ದರಿಂದ ಚೀಟಿಯ ಮೇಲೆ ಹೊಲದ ಹೆಸರಿನಷ್ಟೇ ಗಮನವಿಟ್ಟು ತಯಾರಕರ ಹೆಸರನ್ನೂ ಓದಬೇಕು. ಆಮದು ಸುಂಕ ಸೇರಿದ ಬೆಲೆ ಕೊಟ್ಟು ಒಂದೇ ಬಾಟಲಿ ಕೊಳ್ಳುವುದಾದರೆ, ನಮ್ಮ ಕಡೆಯ ಊಟಕ್ಕೆ ಒಳ್ಳೆಯ ತಯಾರಕರ ಗ್ರಾಮಮಟ್ಟದ ಬಿಳಿಯದನ್ನೇ ಆರಿಸುತ್ತೇನೆ. ಅಣ್ಣನವರು ಇದನ್ನು ಸುತರಾಂ ಒಪ್ಪಲಿಲ್ಲ. ಉಳಿದಿದ್ದ ವೊಲ್ನೇಯನ್ನು ತಮ್ಮ ಗ್ಲಾಸಿಗೆ ಬಗ್ಗಿಸಿಕೊಂಡು ವಾದ ಮುಂದುವರಿಸಿದರು.