ಮೆಡಿಕಲ್ ಅಂಗಡಿಯೊಳಗ ಅಗಾಥಾ ಕ್ರಿಸ್ಟಿ

ಕಲಬುರಗಿ ಬಿಸಿಲಿಗೆ ಮಧ್ಯಾಹ್ನ ನಮ್ಮ ಮೆಡಿಕಲ್ ಅಂಗಡಿ ಕಡೆ ನರಪಿಳ್ಳೆನೂ ಸುಳಿಯಂಗಿಲ್ಲ. ಫ್ಯಾನಿನ ಕೆಳಗ ಕೂತು ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಕಾರ್ತಿ ಅಗಾಥಾ ಕ್ರಿಸ್ಟಿ ಪುಸ್ತಕ ಓದೋದೇ ಕೆಲಸ ಆಗ್ಯಾದ. ಆಕೀನೂ ನಮ್ಮ ಲೈನಿನಾಕೀನೇ ನೋಡ್ರಿ! ಮೊದಲ ಮಹಾಯುದ್ಧದಾಗ ಟಾರ್ಕಿ ಊರಿನ ಆಸ್ಪತ್ರ್ಯಾಗ ಔಷಧ ಅಳದು ಕೊಡ್ತಿದ್ಲು. ವಿಷದ ಲೆಕ್ಕ ಕಲ್ತಿದ್ದು ಅಲ್ಲೇ. 1920ರಾಗ ಬಂದ ಮೊದಲ ಕಾದಂಬರ್ಯಾಗ ಸ್ಟ್ರಿಕ್ನಿನ್ ಅನ್ನೋ ವಿಷ ಹಾಕಿ ಕೊಲೆ. ಅದರ ವಿವರ ಎಷ್ಟು ಕರಾರುವಾಕ್ಕು ಇತ್ತಂದ್ರ, ಫಾರ್ಮಸಿ ಪತ್ರಿಕೆಯವರೇ ಮೆಚ್ಚಿ ಬರದ್ರು. ಬಹುಮಾನ ಬಿಡ್ರಿ, ಇದು ದೊಡ್ಡ ಮಾತು.

1926ರಾಗ ತಾನೇ 11 ದಿನ ಕಾಣೆಯಾಗಿ ಹ್ಯಾರೊಗೇಟ್ ಊರಿನ ಹೋಟೆಲಿನ್ಯಾಗ ಸಿಕ್ಕಳು. ಆತ್ಮಕಥೆಯೊಳಗ ಅದರ ಬಗ್ಗೆ ಚಕಾರ ಇಲ್ಲ. ಎಂಥಾ ಗಟ್ಟಿ ಹೆಣ್ಣುಮಗಳು!

ಇಷ್ಟು ಟೈಪ್ ಮಾಡೂದ್ರಾಗ ಒಬ್ಬ ಮುತ್ಯಾ ಬಂದು, "ಇಲಿ ಪಾಷಾಣ ಅದ ಏನೋ ತಮ್ಮಾ?" ಅಂದ. ಒಂದು ನಿಮಿಷ ಅವನ ಮಾರಿನೇ ನೋಡಿದೆ.